ಮ್ಯಾಚಿಗೆಂದು ಎತ್ತಿಟ್ಟ ಕಾಡತೂಸು

ಕಾಡತೂಸು ಸರಿಯಿಲ್ಲ ಎಂದು ದೂರು ಹೊತ್ತು ನಮ್ಮ ವರ್ಕ್‌ಶಾಪಿಗೆ ಬರುವವರಲ್ಲಿ ಬಹುಪಾಲು ಜನರ ಕೈಯೇ ಸರಿಯಿರುವುದಿಲ್ಲ. ಅದನ್ನು ಅವರ ಮುಖಕ್ಕೆ ಹೇಳುವುದು ನನ್ನ ಕೆಲಸದ ಒಂದು ಭಾಗ. ನಿಜ ಹೇಳಬೇಕೆಂದರೆ ನನಗೆ ಇಷ್ಟವಾದ ಭಾಗವೂ ಹೌದು. ಸೀಸಕ್ಕೆ, ಹಿತ್ತಾಳೆಗೆ ಬಾಯಿಲ್ಲ. ಬಾಯಿಲ್ಲದ್ದರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆದ್ದರಿಂದ ಆ ಹುಡುಗಿ ದಸರಾ ಮುಗಿದ ಮುಂದಿನ ವಾರ ಡಬ್ಲಿನ್ ಅಂಚಿನ ಕ್ಲಾಂಡಾಲ್ಕಿನ್ನಿನ ನಮ್ಮ ಶೆಡ್ಡಿನ ಬಾಗಿಲು ತಳ್ಳಿಕೊಂಡು ಬಂದು, "ಅಕ್ಕ, ನೀವು ಆರಿಸಿಕೊಟ್ರಲ್ಲ, ಅದು ದರಿದ್ರ ಬ್ಯಾಚು," ಎಂದಾಗ ನಾನು ಕೈ ಒರೆಸಿಕೊಳ್ಳುತ್ತಾ ಒಳಗೊಳಗೇ ನಕ್ಕೆ.

ಹುಡುಗಿ ಎಂದೆನಾದರೂ ಅವಳಿಗೆ ಮೂವತ್ತು ದಾಟಿದೆ. ಬೆಂಗಳೂರಿನವಳು, ಡಬ್ಲಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ. ಪಾಸ್‌ಪೋರ್ಟ್ ಬದಲಾದ ಮೇಲೆ ಐರ್ಲೆಂಡಿನ ತಂಡಕ್ಕೆ ಪಿಸ್ತೂಲು ಹೊಡೆಯುವ ಆಸೆ ಹುಟ್ಟಿ, ಅದೇ ಈಗ ಅವಳ ಬದುಕಾಗಿತ್ತು. ಇಪ್ಪತ್ತೈದು ಮೀಟರ್ ವಿಭಾಗದಲ್ಲಿ ಹೆಂಗಸರಿಗೆ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಎರಡು ಆಯ್ಕೆ ಮ್ಯಾಚುಗಳು, ಎರಡರಲ್ಲಿ ಯಾವುದು ಚೆನ್ನಾಗಿ ಬರುತ್ತದೋ ಅದು ಲೆಕ್ಕಕ್ಕೆ. ಮೊದಲನೆಯದರಲ್ಲಿ ಅವಳ ಪಿಸ್ತೂಲು ನಡುವೆಯೇ ಸಿಕ್ಕಿಕೊಂಡಿತ್ತು. ಒಂದು ಸಲ ಸಿಕ್ಕಿಕೊಂಡರೆ ಮತ್ತೆ ಹೊಡೆಯಲು ಬಿಡುತ್ತಾರೆ. ಎರಡನೆಯ ಸಲ ಸಿಕ್ಕಿಕೊಂಡರೆ ಆ ಸುತ್ತಿನಲ್ಲಿ ಬಾಕಿ ಉಳಿದ ಗುಂಡುಗಳಿಗೆಲ್ಲ ಸೊನ್ನೆ. ಅವಳಿಗೆ ಎರಡನೆಯ ಸಲವೂ ಆಗಿತ್ತು. ಉಳಿದಿದ್ದದ್ದು ದೀಪಾವಳಿ ಕಳೆದ ಮೇಲಿನ ಇನ್ನೊಂದು ಮ್ಯಾಚ್ ಮಾತ್ರ.

ಬೇರೆ ದೇಶಗಳಲ್ಲಿ ದೊಡ್ಡ ಪಿಸ್ತೂಲು ಹೊಡೆಯುವವರು ತಮ್ಮ ಕಾಡತೂಸನ್ನು ತಾವೇ ತುಂಬಿಕೊಳ್ಳುತ್ತಾರೆ. ಯಾವ ಆಕಾರದ ಗುಂಡು, ಎಷ್ಟು ತೂಕ, ಎಷ್ಟು ಮದ್ದು, ಎಲ್ಲ ಅವರವರ ಇಷ್ಟ. ಇಲ್ಲಿ ಸಾಮಾನ್ಯರಿಗೆ ಅದಕ್ಕೆ ಅನುಮತಿ ಸಿಗುವುದಿಲ್ಲ. ಇವಳು ಹೊಡೆಯುವ ಪಾಯಿಂಟ್ ಟೂಟೂವಿನ ಪುಟ್ಟ ಕಾಡತೂಸನ್ನಂತೂ ಎಲ್ಲಿಯೂ ಮರಳಿ ತುಂಬಲು ಬರುವುದಿಲ್ಲ. ಹಾಗಾಗಿ ಕಾರ್ಖಾನೆಯಿಂದ ಬಂದದ್ದರಲ್ಲೇ ಆರಿಸಬೇಕು. ಒಂದೇ ಹೆಸರು, ಒಂದೇ ಡಬ್ಬಿ, ಆದರೆ ಒಂದು ಬ್ಯಾಚು ಒಂದು ಪಿಸ್ತೂಲಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಗಿರಾಕಿಯ ಪಿಸ್ತೂಲನ್ನು ವೈಸಿಗೆ ಬಿಗಿದು, ಶೆಡ್ಡಿನ ಹಿಂದಿನ ಉದ್ದ ಸುರಂಗದಲ್ಲಿ ಬ್ಯಾಚಿನ ಮೇಲೆ ಬ್ಯಾಚು ಹೊಡೆದು, ರಂಧ್ರಗಳ ನಡುವಿನ ಅಂತರ ಅಳೆದು, ವೇಗ ನೋಡಿ, ಇದನ್ನು ತಗೋ ಎಂದು ಹೇಳುವುದು ನನ್ನ ಕೆಲಸ. ಮೈಸೂರಿನ ಟೂಲ್ ರೂಮಿನಲ್ಲಿ ಮೈಕ್ರೋಮೀಟರ್ ಹಿಡಿದು ಕಲಿತ ಕೈಗೆ ಇದು ಒಗ್ಗಿದೆ.

ಇವಳಿಗೆಂದು ಬೇಸಿಗೆಯಲ್ಲಿ ನಾನು ಮೂರು ಬಗೆ ಪರೀಕ್ಷಿಸಿದ್ದೆ. ಮೊದಲನೆಯದು ಗಟ್ಟಿ ಮೇಣದ ಲೇಪನದ ವೇಗದ ಗುಂಡು. ಎಲ್ಲಿಯೂ ಸಿಕ್ಕಿಕೊಳ್ಳದು, ಆದರೆ ಒದೆತ ಜೋರು. ಇವಳ ಮಣಿಕಟ್ಟು ಸಣ್ಣದು, ಪಿಸ್ತೂಲು ಮೇಲೆದ್ದರೆ ಮತ್ತೆ ಗುರಿಗೆ ಇಳಿಯುವಷ್ಟರಲ್ಲಿ ಹೊತ್ತಾಗುತ್ತದೆ. ಎರಡನೆಯದು ಹಗುರ ತೂಕದ್ದು. ಒದೆತವೇ ಇಲ್ಲ, ಆದರೆ ಮುಂದಿನ ಗುಂಡನ್ನು ಒಳಗೆ ತಳ್ಳುವ ಸ್ಲೈಡನ್ನು ಪೂರ್ತಿ ಹಿಂದಕ್ಕೆ ದೂಡುವ ಶಕ್ತಿಯೂ ಇಲ್ಲ. ಮೂರನೆಯದು ಜಿಡ್ಡು ಲೇಪನದ ನಿಧಾನದ ಗುಂಡು. ಮೆತ್ತಗೆ ಹೊರಡುತ್ತದೆ, ರಂಧ್ರಗಳ ಗುಂಪು ಒತ್ತಾಗಿ ಬೀಳುತ್ತದೆ. ಇದಕ್ಕೊಂದು ದೋಷವಿದೆ: ಜಿಡ್ಡಿಗೆ ಕಸ ಅಂಟುತ್ತದೆ, ಚಳಿಗೆ ಅದು ಗಟ್ಟಿಯಾಗುತ್ತದೆ. ಜೋಪಾನವಾಗಿ ಇಟ್ಟುಕೊಂಡರೆ ಇವಳಿಗೆ ಇದೇ ಸರಿ ಎಂದು ಮೂರನೆಯದನ್ನೇ ಆರಿಸಿ, ಒಂದು ಪೂರ್ತಿ ಪೆಟ್ಟಿಗೆ ಕೊಡಿಸಿದ್ದೆ. ಅದರಲ್ಲೂ ವೇಗ ಎಲ್ಲಕ್ಕಿಂತ ಸಮನಾಗಿ ಬಂದ ಒಂದಷ್ಟು ಡಬ್ಬಿಗಳಿಗೆ ನೀಲಿ ಟೇಪು ಸುತ್ತಿ, "ಇವನ್ನ ಮ್ಯಾಚಿಗೆ ಅಂತ ಎತ್ತಿಡು, ಪ್ರಾಕ್ಟೀಸಿಗೆ ಮುಟ್ಟಬೇಡ," ಎಂದಿದ್ದೆ.

ಈಗ ಅದೇ ಬ್ಯಾಚನ್ನು ದರಿದ್ರ ಎನ್ನುತ್ತಿದ್ದಳು.

ಮೊದಲು ಪಿಸ್ತೂಲು ಬಿಚ್ಚಿದೆ. ಸ್ಪ್ರಿಂಗ್ ಸರಿಯಿತ್ತು. ಕಾಡತೂಸು ತುಂಬುವ ಮ್ಯಾಗಝೀನಿನ ತುಟಿ ಬಾಗಿರಲಿಲ್ಲ. ಮ್ಯಾಚು ಕೆಟ್ಟ ಸಿಟ್ಟಿಗೆ ಅವಳು ಪಿಸ್ತೂಲನ್ನು ತಿಕ್ಕಿ ತೊಳೆದು ತಂದಿದ್ದಳು, ಒಳಗೆ ಏನು ಅಂಟಿಕೊಂಡಿತ್ತು ಎಂದು ನೋಡುವ ಹಾಗಿರಲಿಲ್ಲ. ಮಾರಿದ ಪ್ರತಿ ಬ್ಯಾಚಿನ ಕೆಲವು ಡಬ್ಬಿಗಳನ್ನು ನಾವು ಉಳಿಸಿಕೊಂಡಿರುತ್ತೇವೆ. ಅದರಿಂದ ತೆಗೆದು ಮ್ಯಾಗಝೀನಿನ ಮೇಲೆ ಮ್ಯಾಗಝೀನು ಹೊಡೆದೆ. ಒಂದೂ ಸಿಕ್ಕಿಕೊಳ್ಳಲಿಲ್ಲ. ಚಳಿಯಿರಬಹುದು ಎಂದು ಒಂದಷ್ಟನ್ನು ಬಿಗಿಯಾಗಿ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು, ಮಾರನೆಯ ದಿನ ತೆಗೆದು ಮರಗಟ್ಟುವ ಬೆರಳಲ್ಲೇ ತುಂಬಿ ಹೊಡೆದೆ. ಆಗಲೂ ಸಲೀಸು.

ಸಂಜೆ ಅವಳಿಗೆ ಫೋನ್ ಮಾಡಿದೆ. "ಕಾಡತೂಸು ಸರಿ ಇದೆ ಕಣಮ್ಮ, ಪಿಸ್ತೂಲೂ ಸರಿ ಇದೆ. ಮ್ಯಾಚಲ್ಲಿ ನಿನ್ನ ಮಣಿಕಟ್ಟು ಸಡಿಲ ಬಿಟ್ಟಿದ್ದೀಯ. ಹಿಡಿತ ಬಿಗಿ ಇಲ್ಲ ಅಂದ್ರೆ ಸ್ಲೈಡ್ ಪೂರ್ತಿ ಬರಲ್ಲ."

"ಪ್ರಾಕ್ಟೀಸಲ್ಲಿ ಒಂದ್ಸಲಾನೂ ಹಂಗಾಗಿಲ್ಲ ಅಕ್ಕ. ಮ್ಯಾಚಲ್ಲಿ ಮಾತ್ರ."

"ಅದನ್ನೇ ತಾನೆ ನಾನು ಹೇಳ್ತಿರೋದು? ಮ್ಯಾಚಲ್ಲಿ ಮಾತ್ರ ನಿನಗೆ ಭಯ."

"ನನಗೆ ಗಟ್ಟಿ ಮೇಣದ್ದೇ ಕೊಟ್ಬಿಡಿ. ಅದು ಸಿಕ್ಕಾಕೊಳಲ್ಲ ಅಂದಿದ್ರಲ್ಲ," ಎಂದಳು.

ವರ್ಕ್‌ಶಾಪಿನ ಯಜಮಾನನಿಗೆ ಅದೇ ಸುಲಭವಾಗಿ ಕಂಡಿತು. ಆತ ಅರವತ್ತು ದಾಟಿದ ಡಬ್ಲಿನ್ನಿನ ಮನುಷ್ಯ, ಗಿರಾಕಿಯ ಜೊತೆ ಜಗಳವೆಂದರೆ ಆಗದು. ಬದಲಾಯಿಸಿ ಕೊಟ್ಟುಬಿಡು, ಆಕೆಗೂ ಸಮಾಧಾನ, ನಮಗೂ ಒಳ್ಳೆಯದು, ಗ್ರ್ಯಾಂಡ್ ಎಂದ. ನಾನು ಒಪ್ಪಲಿಲ್ಲ. ಬೇಸಿಗೆಯಿಂದ ಅವಳ ಕೈ ಮೆತ್ತನೆಯ ಗುಂಡಿನ ಲಯಕ್ಕೆ ಪಳಗಿತ್ತು. ಗುರಿಯ ಬೋರ್ಡು ತಿರುಗಿ ಎದುರಾಗುವ ಮೂರೇ ಸೆಕೆಂಡಿನಲ್ಲಿ ತೋಳೆತ್ತಿ ಹೊಡೆಯಬೇಕಾದ ಆಟದಲ್ಲಿ, ಮ್ಯಾಚು ಹತ್ತಿರವಿರುವಾಗ ಗುಂಡಿನ ಬಗೆ ಬದಲಿಸುವುದೆಂದರೆ ಕೈಯಾರೆ ಜಾಗ ಬಿಟ್ಟುಕೊಟ್ಟ ಹಾಗೆ. ಯಜಮಾನನ ಒತ್ತಾಯಕ್ಕೆ ಗಟ್ಟಿ ಮೇಣದ್ದನ್ನು ಅವಳ ಕೈಯಲ್ಲೇ ಒಮ್ಮೆ ಹೊಡೆಸಿ ನೋಡಿದೆ. ಸಿಕ್ಕಿಕೊಳ್ಳಲಿಲ್ಲ, ಸರಿ. ಆದರೆ ಹತ್ತಕ್ಕೆ ಎಂಟು, ಏಳು, ಮತ್ತೆ ಎಂಟು. ಕಾಗದ ನೋಡಿ ಅವಳೇ ಪಿಸ್ತೂಲು ಕೆಳಗಿಟ್ಟಳು.

ಆಗ ನನಗೆ ಮೊದಲೇ ಹೊಳೆಯಬೇಕಾದ ಪ್ರಶ್ನೆ ಹೊಳೆಯಿತು. "ನೀಲಿ ಟೇಪಿನ ಡಬ್ಬಿ ಇನ್ನೂ ಮಿಕ್ಕಿದೆಯಾ?"

"ಇದೆ. ಅವನ್ನ ಮ್ಯಾಚಿಗೆ ಬಿಟ್ಟು ಮುಟ್ಟೇ ಇಲ್ಲ. ನೀವೇ ಹೇಳಿದ್ರಲ್ಲ."

"ಶನಿವಾರ ಅವನ್ನೇ ತಗೊಂಡು ಬಾ."

ಶನಿವಾರ ಅವಳ ಜೊತೆ ಅವಳ ತಾಯಿಯೂ ಬಂದರು. ಬೆಂಗಳೂರಿನಿಂದ ಮಗಳ ಮನೆಗೆ ಬಂದು ಕೆಲವು ವಾರಗಳಾಗಿದ್ದವು, ದೀಪಾವಳಿ ಮುಗಿಸಿಕೊಂಡು ಹೋಗುವವರಿದ್ದರು. ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಮಗಳ ಶೂ. ಬಂದವರೇ ಮುಂದಿನ ಕೋಣೆಯ ಕುರ್ಚಿಯಲ್ಲಿ ಕುಳಿತು ಸ್ಟೀಲಿನ ಡಬ್ಬಿ ನನ್ನ ಕೈಗಿತ್ತರು. "ಚಿತ್ರಾನ್ನ ತಾಯಿ. ಮೈಸೂರಿನವರು ಅಂತ ಇವಳು ಹೇಳಿದ್ಲು. ಇಲ್ಲಿ ನಿಮಗೆ ಯಾರು ಮಾಡಿಕೊಡ್ತಾರೆ ಪಾಪ." ಈ ದೇಶದಲ್ಲಿ ಇಷ್ಟು ವರ್ಷಗಳಲ್ಲಿ ಯಾವ ಗಿರಾಕಿಯೂ ನನಗೆ ಊಟ ತಂದಿರಲಿಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು.

ನೀಲಿ ಟೇಪಿನ ಡಬ್ಬಿ ತೆರೆದು, ಪಿಸ್ತೂಲನ್ನು ವೈಸಿಗೆ ಬಿಗಿದು ಶುರು ಮಾಡಿದೆ. ಮೊದಲ ಮ್ಯಾಗಝೀನು ಸಲೀಸು. ಎರಡನೆಯದರಲ್ಲಿ ಸ್ಲೈಡು ಕೊಂಚ ಸೋಮಾರಿಯಾದಂತೆ ಕಂಡಿತು. ಮೂರನೆಯದರಲ್ಲಿ ಕಾಡತೂಸು ಅರ್ಧ ಒಳಗೆ ಹೋಗಿ ನಿಂತುಬಿಟ್ಟಿತು. ಹುಡುಗಿ ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ಅರ್ಹಳಾಗಿದ್ದೆ. ಅಷ್ಟರಲ್ಲಿ ಅವಳ ಆಫೀಸಿನಿಂದ ಫೋನ್ ಬಂತು, ಮಾತಾಡುತ್ತಾ ಹೊರಗೆ ಹೋದಳು.

ಸಿಕ್ಕಿಕೊಂಡದ್ದನ್ನು ಬಿಡಿಸಿ, ಕಾಡತೂಸು ಕೂರುವ ಚೇಂಬರಿನೊಳಗೆ ಬಿಳಿ ಬಟ್ಟೆಯ ಚೂರು ತೂರಿಸಿ ಎಳೆದೆ. ಸಾಮಾನ್ಯವಾಗಿ ಅದು ಕಪ್ಪಗೆ ಬರುತ್ತದೆ. ಇದು ಕಪ್ಪಿನ ಜೊತೆ ಕೆಂಪಗೆ ಬಂತು.

ಯಜಮಾನ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. "ತುಕ್ಕೇ?" ಎಂದ. ತಿಕ್ಕಿ ತೊಳೆದು ತಂದ ಚೇಂಬರಿಗೆ ಎಲ್ಲಿಯ ತುಕ್ಕು, ಎಂದೆ ನಾನು. ಆಮೇಲೆ ಅವನ ಕಣ್ಣು ನಿಧಾನವಾಗಿ ನನ್ನ ವೈಸಿನ ಮೇಲೆ ಹೋಯಿತು. ಆಯುಧ ಪೂಜೆಯ ದಿನ ನಾನು ಅದರ ಕಾಲಿನ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದೆ, ಪ್ರತಿ ವರ್ಷ ಇಡುತ್ತೇನೆ. ಆತ ನೋಡಿ ನಗುತ್ತಾನೆ, ಅಷ್ಟೆ. ಈ ಸಲ ನಗಲಿಲ್ಲ. "ನಿನ್ನ ಕೆಂಪು ಪುಡಿ ಗಿರಾಕಿಗಳ ಪಿಸ್ತೂಲಿನೊಳಗೆ ಹೋಗುತ್ತಿದ್ದರೆ, ಈ ವರ್ಷ ಈ ವೈಸಿಗೆ ಬಿಗಿದ ಅಷ್ಟೂ ಪಿಸ್ತೂಲುಗಳನ್ನು ವಾಪಸು ಕರೆಸಬೇಕಾಗುತ್ತದೆ," ಎಂದ.

ನೀಲಿ ಟೇಪಿನ ಇನ್ನೊಂದು ಡಬ್ಬಿ ತೆರೆದೆ. ಈ ಡಬ್ಬಿಗಳಲ್ಲಿ ಕಾಡತೂಸುಗಳು ಪ್ಲಾಸ್ಟಿಕ್ ತಟ್ಟೆಯ ತೂತುಗಳಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಕಣ್ಣಿಗೆ ಕಾಣುವುದು ಹಿತ್ತಾಳೆಯ ಬುಡ ಮಾತ್ರ, ಜಿಡ್ಡು ಹಚ್ಚಿದ ಗುಂಡು ಕೆಳಗಿರುತ್ತದೆ. ಮೇಲ್ಭಾಗ ಫಳಫಳ ಹೊಳೆಯುತ್ತಿತ್ತು. ಒಂದನ್ನು ಎತ್ತಿ ನೋಡಿದೆ. ಗುಂಡಿನ ಮೂತಿಯ ಸುತ್ತ ಕೆಂಪು ಕೆಸರಿನಂತೆ ಅಂಟಿತ್ತು. ಬುಡ ಹಿಡಿದೆತ್ತಿ ಸರಸರನೆ ತುಂಬುವಾಗ ಅವಳೂ ನಾನೂ ಅದನ್ನು ಗಮನಿಸಿರಲಿಲ್ಲ. ಎಲ್ಲವನ್ನೂ ತೆಗೆದು ಖಾಲಿ ತಟ್ಟೆಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ತಟ್ಟಿದೆ. ಪುಡಿ ಉದುರಿತು. ಅದರ ಹಿಂದೆಯೇ ಅರಿಶಿನ ಹಚ್ಚಿದ ಎರಡು ಅಕ್ಕಿಕಾಳು ಬಿದ್ದವು.

ನನ್ನ ಬೊಟ್ಟಿನಲ್ಲಿ ಅಕ್ಷತೆ ಇರಲಿಲ್ಲ.

ಕಾಗದವನ್ನು ಹಾಗೆಯೇ ಹಿಡಿದುಕೊಂಡು ಮುಂದಿನ ಕೋಣೆಗೆ ಹೋದೆ. ತಾಯಿ ನೋಡಿದರು. ಕೇಳುವ ಮೊದಲೇ ಅವರ ಕೈ ಸೆರಗಿಗೆ ಹೋಯಿತು.

"ಮುಟ್ಟಿದ್ದು ಡಬ್ಬಿ ಮಾತ್ರ ತಾಯಿ. ಆ ಪಿಸ್ತೂಲು ಕಂಡ್ರೆ ನನಗೆ ಭಯ, ಅದರ ಹತ್ರಾನೂ ಹೋಗ್ಲಿಲ್ಲ. ಹಬ್ಬದ ದಿನ ಸೇಫಿಂದ ಎಲ್ಲ ತೆಗೆದು ಟೇಬಲ್ ಮೇಲೆ ಇಟ್ಕೊಂಡು ಒರೆಸ್ತಾ ಇದ್ಲು. ಸ್ನಾನಕ್ಕೆ ಅಂತ ಹೋದ್ಲು. ನೀಲಿ ಪಟ್ಟಿ ಇರೋದು ಮ್ಯಾಚಿಂದು ಅಂತ ಅವಳೇ ಹೇಳಿದ್ದು ನೆನಪಿತ್ತು. ಅದಕ್ಕೇ ಅವಕ್ಕೆ ಮಾತ್ರ ಮುಚ್ಚಳ ತೆಗೆದು ಒಂದೊಂದು ಚಿಟಿಕೆ ಕುಂಕುಮ, ಅಕ್ಷತೆ ಹಾಕಿ ಕೈ ಮುಗಿದೆ. ನನ್ನ ಮಗಳು ಗೆಲ್ಲಲಿ ಅಂತ."

"ಮೇಲೆ ಏನೂ ಕಾಣಿಸ್ತಿಲ್ಲವಲ್ಲ ಅಮ್ಮಾ?"

"ಅವಳಿಗೆ ಇವೆಲ್ಲ ಆಗಲ್ಲ, ಬೈತಾಳೆ. ಅದಕ್ಕೆ ಸೆರಗಲ್ಲಿ ಒರೆಸಿ ಊದಿಬಿಟ್ಟೆ."

ಒರೆಸಿ ಊದಿದ್ದರಿಂದಲೇ ಪುಡಿ ತೂತಿನೊಳಗೆ ಇಳಿದು ಜಿಡ್ಡಿಗೆ ಅಂಟಿತ್ತು. ಹಾಕಿದ್ದನ್ನು ಹಾಕಿದ ಹಾಗೆಯೇ ಬಿಟ್ಟಿದ್ದರೆ ಮಗಳ ಕಣ್ಣಿಗೆ ಅವತ್ತೇ ಬಿದ್ದಿರುತ್ತಿತ್ತು. ಅದನ್ನು ನಾನು ಆಗ ಅವರಿಗೆ ಹೇಳಲಿಲ್ಲ.

"ಅವಳಿಗೆ ಹೇಳ್ಬೇಡಿ," ಎಂದರು. ಬಾಗಿಲಾಚೆ ಮಗಳು ಓಡಾಡುತ್ತಾ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು. "ನಿಮ್ಮ ಕಾಲು ಬೇಕಾದ್ರೆ ಹಿಡೀತೀನಿ. ಗೊತ್ತಾದ್ರೆ ನನ್ನ ಜೊತೆ ಮಾತೇ ಬಿಡ್ತಾಳೆ, ನನಗೆ ಗೊತ್ತು ಅವಳ ಬುದ್ಧಿ. ಕಾರ್ಖಾನೆಯವರದ್ದೇ ತಪ್ಪು ಅನ್ನಿ. ಅವರಿಗೇನು ನೋವಾಗುತ್ತೆ? ನೀವೂ ಮಿಷನ್ನಿಗೆ ಇಟ್ಟಿದ್ದೀರಲ್ಲ ಕುಂಕುಮ, ಬಾಗಿಲಿಂದ ಕಾಣಿಸ್ತು. ನಿಮಗೆ ಅರ್ಥ ಆಗುತ್ತೆ."

ಅರ್ಥವಾಗಿತ್ತು. ನಾನು ಬೊಟ್ಟಿಡುವುದು ಅಲುಗಾಡದ ಕಾಲಿಗೆ. ಗುಂಡು ಓಡಾಡುವ ಜಾಗಕ್ಕೆ ಎಣ್ಣೆಯನ್ನೂ ಅಳೆದೇ ಹಾಕುತ್ತೇನೆ. ಆದರೆ ಆ ವ್ಯತ್ಯಾಸವನ್ನು ಆ ತಾಯಿಗೆ ಯಾರೂ ಕಲಿಸಿರಲಿಲ್ಲ. ಅವರನ್ನು ಕಂಡು ನನಗೆ ಪಾಪ ಅನಿಸಿತು. ಸುಳ್ಳು ಹೇಳುವುದು ಸುಲಭವೂ ಆಗಿತ್ತು. ಆದರೆ ಬ್ಯಾಚೇ ಕೆಟ್ಟದ್ದೆಂದರೆ ಅದೇ ಬ್ಯಾಚು ಕೊಂಡ ಉಳಿದವರೆಲ್ಲರ ಕಾಡತೂಸನ್ನು ಯಜಮಾನ ವಾಪಸು ಕರೆಸಬೇಕು. ಈ ಹುಡುಗಿ ಗಟ್ಟಿ ಮೇಣಕ್ಕೆ ಹೋಗಿ ಏಳು ಎಂಟು ಹೊಡೆದು ಸೋಲುತ್ತಾಳೆ. ಇದೆಲ್ಲ ನಾನು ಆಮೇಲೆ ಜೋಡಿಸಿಕೊಂಡ ಕಾರಣಗಳೂ ಆಗಿರಬಹುದು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಒಂದೇ: ಕಾಡತೂಸು ತಪ್ಪು ಮಾಡಿಲ್ಲ.

ಹುಡುಗಿ ಫೋನ್ ಇಟ್ಟು ಒಳಗೆ ಬಂದಳು. ನಾನು ಕಾಗದವನ್ನು ಅವಳ ಮುಂದೆ ಹಿಡಿದೆ. "ಬ್ಯಾಚು ಸರಿ ಇದೆ. ನಿಮ್ಮಮ್ಮ ಡಬ್ಬಿಗಳಿಗೆ ಪೂಜೆ ಮಾಡಿದ್ದಾರೆ."

ಅವಳು ಮೊದಲು ನಕ್ಕಳು. ಅಕ್ಕಿಕಾಳನ್ನು ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು, ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

"ಗಾರ್ಡಾ ಪೊಲೀಸರಿಗೆ ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಗುತ್ತೆ, ಗೊತ್ತಾ ನಿನಗೆ? ಇನ್ನೊಬ್ಬರ ಕೈಗೆ ಕಾಡತೂಸು ಸಿಗೋ ಹಾಗೇ ಇಲ್ಲ ಈ ದೇಶದಲ್ಲಿ."

"ಗೊತ್ತಿರ್ಲಿಲ್ಲ ಮಗಳೇ."

"ನಿನಗೆ ಏನು ಗೊತ್ತಿದೆ ಹೇಳು? ಮ್ಯಾಚ್ ಮುಗಿಸಿಕೊಂಡು ಬಂದು ಬಾತ್‌ರೂಮಲ್ಲಿ ಕೂತು ಅಳ್ತಿದ್ದೆನಲ್ಲ, ಆಗ ಬಾಗಿಲ ಹೊರಗೆ ನಿಂತು ಕಾಫಿ ಬೇಕಾ ಅಂದೆಯಲ್ಲ, ಆಗಲೂ ಗೊತ್ತಿರ್ಲಿಲ್ವಾ?"

ತಾಯಿ ತಲೆ ಅಲ್ಲಾಡಿಸಿದರು. ಅವರಿಗೆ ಆ ಎರಡಕ್ಕೂ ಸಂಬಂಧವೇ ಹೊಳೆದಿರಲಿಲ್ಲ ಎಂದು ನನಗೆ ಕಾಣುತ್ತಿತ್ತು. ಮಗಳಿಗೂ ಕಂಡಿರಬೇಕು. ಯಜಮಾನನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದು, ಇದ್ಯಾವುದೂ ತನ್ನ ಕಿವಿಗೆ ಬಿದ್ದಿಲ್ಲ ಎಂದು ಹೇಳಿ ಟೀ ಮಾಡಲು ಹೋದ.

"ಟಿಕೆಟ್ ಹಿಂದಕ್ಕೆ ಹಾಕಿಸ್ತೀನಿ. ನೀನು ಹಬ್ಬಕ್ಕೆ ಬೆಂಗಳೂರಿಗೇ ಹೋಗು," ಎಂದಳು ಹುಡುಗಿ. "ಇಲ್ಲಿದ್ರೆ ದೀಪಾವಳಿಗೆ ಇನ್ನೇನು ಹಚ್ತೀಯೋ."

ಕಾರು ಹತ್ತುವಾಗ ತಾಯಿ ನನ್ನ ಕಡೆ ನೋಡಲಿಲ್ಲ. ಚಿತ್ರಾನ್ನವನ್ನು ನಾನು ಮಧ್ಯಾಹ್ನ ತಿಂದೆ. ಚೆನ್ನಾಗಿತ್ತು. ತಿನ್ನುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೂ ಡಬ್ಬಿ ಖಾಲಿ ಮಾಡಿದೆ.

ಆಮೇಲಿನ ಕೆಲಸ ಸರಳವಾಗಿತ್ತು. ಪಿಸ್ತೂಲನ್ನು ಪೂರ್ತಿ ಬಿಚ್ಚಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಚೇಂಬರು ತಿಕ್ಕಿದೆ. ಅವಳು ಕೊಂಡಿದ್ದ ಅದೇ ಪೆಟ್ಟಿಗೆಯಲ್ಲಿ ಸೀಲು ಒಡೆಯದ ಡಬ್ಬಿಗಳು ಬೇಕಾದಷ್ಟಿದ್ದವು. ಪ್ರತಿ ಡಬ್ಬಿಯಿಂದ ಒಂದಷ್ಟು ತೆಗೆದು ಹೊಡೆದು, ಒಪ್ಪಿಗೆಯಾದವನ್ನು ನಮ್ಮ ಸೇಫಿನಲ್ಲೇ ಇಟ್ಟೆ. ಹುಡುಗಿ ದಿನ ಬಿಟ್ಟು ದಿನ ಬಂದು ಅಭ್ಯಾಸ ಮಾಡಿದಳು. ತಾಯಿಯ ಬಗ್ಗೆ ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಬ್ಬಕ್ಕೆ ಮುಂಚೆಯೇ ಅವರು ಹೊರಟುಹೋದರೆಂದು ಒಮ್ಮೆ ಮಾತಿನ ನಡುವೆ ತಿಳಿಯಿತು, ಅಷ್ಟೆ.

ಕೊನೆಯ ಮ್ಯಾಚಿಗೆ ಯಜಮಾನ ನನ್ನನ್ನು ಟೂಲ್ ಕಿಟ್ಟಿನೊಂದಿಗೆ ಕಳಿಸಿದ. ರೇಂಜಿನಲ್ಲಿ ಮೂಳೆ ಕೊರೆಯುವ ಚಳಿ. ಹೊಡೆಯುವವರ ತಲೆಯ ಮೇಲೆ ಮಾತ್ರ ತಗಡು, ಮುಂದೆಲ್ಲ ಒದ್ದೆ ಹುಲ್ಲು. ಹುಡುಗಿ ಜೇಬಿನಲ್ಲಿ ಕೈ ಬೆಚ್ಚಗಿಡುವ ಚೀಲ ಇಟ್ಟುಕೊಂಡಿದ್ದಳು. ಮೊದಲರ್ಧ, ನಿಧಾನವಾಗಿ ಗುರಿಯಿಡುವ ಭಾಗ, ಅವಳಿಗೆ ಎಂದಿಗಿಂತ ಚೆನ್ನಾಗಿ ಹೋಯಿತು. ಎರಡನೆಯ ಭಾಗದಲ್ಲಿ ಬೋರ್ಡು ತಿರುಗಿ ಎದುರಾದಾಗಲೆಲ್ಲ ಸ್ಲೈಡು ಹಿಂದೆ ಹೋಗಿ ಮುಂದೆ ಬರುವುದನ್ನು ನಾನು ಹಿಂದಿನಿಂದ ದುರ್ಬೀನು ಹಿಡಿದು ನೋಡುತ್ತಿದ್ದೆ. ಒಂದೂ ತಡೆಯಲಿಲ್ಲ. ಸುತ್ತಿನ ಮೇಲೆ ಸುತ್ತು ಕಾಡತೂಸಿನ ಖಾಲಿ ಕೋಶಗಳು ಅವಳ ಬಲಕ್ಕೆ ಬಿದ್ದು ಉರುಳಿದವು. ಕೊನೆಯ ಸುತ್ತಿನ ಹೊತ್ತಿಗೆ ಜಾಗ ಅವಳ ಕೈಯಲ್ಲಿತ್ತು. ಹತ್ತು, ಹತ್ತು, ಒಂಬತ್ತು, ಹತ್ತು. ಕೊನೆಯ ಗುಂಡಿಗೆ ತೋಳು ಎತ್ತಿದಳು. ಬೋರ್ಡು ತಿರುಗಿ ಹೋಗುವ ಮೊದಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಅವಳು ಕಾಯಲಿಲ್ಲ, ಟ್ರಿಗರನ್ನು ಕಿತ್ತಂತೆ ಎಳೆದಳು. ಏಳು.

ಒಂದು ಅಂಕದಲ್ಲಿ ಜಾಗ ಹೋಯಿತು. ಅದನ್ನು ಪಡೆದವಳು ಪಕ್ಕದ ಸಾಲಿನ ಕಾಲೇಜು ಹುಡುಗಿ, ಬಂದು ಇವಳನ್ನು ತಬ್ಬಿಕೊಂಡು ಹೋದಳು.

ನಾನು ಪಿಸ್ತೂಲು ತೆಗೆದುಕೊಂಡು ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು ಪೆಟ್ಟಿಗೆಯಲ್ಲಿಡುತ್ತಿದ್ದೆ. ಅವಳು ಬೆಂಚಿನ ಮೇಲೆ ಕುಳಿತು ಫೋನ್ ಮಾಡಿದಳು. ಬೆರಳು ಮರಗಟ್ಟಿದ್ದರಿಂದ ಫೋನನ್ನು ತೊಡೆಯ ಮೇಲಿಟ್ಟು ಸ್ಪೀಕರ್ ಹಾಕಿದ್ದಳು. ಮೊದಲ ರಿಂಗಿಗೇ ತಾಯಿ ಎತ್ತಿದರು. "ಆಯ್ತಾ ಮಗಳೇ? ಏನಾಯ್ತು?"

"ಹೋಯ್ತಮ್ಮ. ಇವತ್ತೂ ಸಿಕ್ಕಾಕೊಳ್ತು. ನಿನ್ನ ಕುಂಕುಮ ಇನ್ನೂ ಒಳಗೆಲ್ಲೋ ಉಳ್ಕೊಂಡಿತ್ತಂತೆ."

ಅವಳು ನನ್ನ ಕಡೆ ನೋಡದೆ ಎದುರಿನ ಹುಲ್ಲು ನೋಡುತ್ತಿದ್ದಳು. ಆ ಕಡೆಯಿಂದ "ಅಯ್ಯೋ" ಎಂದು ಒಂದು ಸಣ್ಣ ಸದ್ದು ಬಂತು.

ನನ್ನಿಂದ ತಡೆಯಲಾಗಲಿಲ್ಲ. ಬಗ್ಗಿ ಫೋನಿಗೆ ಹೇಳಿದೆ. "ಅಮ್ಮಾ, ನಾನು ವರ್ಕ್‌ಶಾಪಿನವಳು. ಇವತ್ತು ಒಂದೂ ಸಿಕ್ಕಿಕೊಂಡಿಲ್ಲ. ಒಳಗೆ ನಿಮ್ಮ ಕುಂಕುಮ ಒಂದು ಚೂರೂ ಇರಲಿಲ್ಲ, ನಾನೇ ತೊಳೆದಿದ್ದೀನಿ. ಕೊನೇದನ್ನ ಏಳಕ್ಕೆ ಹೊಡೆದಿದ್ದು ನಿಮ್ಮ ಮಗಳೇ."

ಹುಡುಗಿಯ ಮುಖ ಕೆಂಪಾಯಿತು. ತಾಯಿಯ ದನಿ ಬಂತು, ಅಂದು ನನ್ನ ಮುಂದೆ ಬೇಡಿಕೊಂಡ ದನಿಯಲ್ಲ.

"ನೀವು ಸುಮ್ನಿರ್ರೀ. ಅವತ್ತೇ ಕಾಲಿಗೆ ಬೀಳೋ ಹಾಗೆ ಕೇಳ್ಕೊಂಡೆ, ಹೇಳ್ಬೇಡಿ ಅಂತ. ನಿಮಗೆ ನಿಮ್ಮ ಬುಲೆಟ್ಟೇ ಹೆಚ್ಚಾಯ್ತು. ಈಗ ನನ್ನ ಮಗಳ ಮೇಲೆ ಹಾಕಬೇಡಿ. ಅವಳು ಸಿಕ್ಕಾಕೊಳ್ತು ಅಂದ್ರೆ ಸಿಕ್ಕಾಕೊಳ್ತು." ಮತ್ತೆ ದನಿ ಮೆತ್ತಗಾಯಿತು. "ನಂದೇ ತಪ್ಪು ಮಗಳೇ. ನಂದೇ. ನೀನು ಮೊದಲು ಏನಾದ್ರೂ ಬಿಸಿಯಾಗಿ ತಿನ್ನು."

ಹುಡುಗಿ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದಳು. ಎದ್ದು ನನ್ನಿಂದ ನಾಲ್ಕು ಹೆಜ್ಜೆ ದೂರ ಹೋಗಿ ಬೆನ್ನು ಮಾಡಿ ನಿಂತಳು. ಅವಳ ದನಿ ಆ ದಿನವೆಲ್ಲ ನಾನು ಕೇಳಿರದಷ್ಟು ಮೃದುವಾಗಿತ್ತು.

"ಹೋಗ್ಲಿ ಬಿಡಮ್ಮ, ಅಳಬೇಡ," ಎಂದಳು. "ನನಗೆ ನಿನ್ನ ಮೇಲೆ ಬೇಜಾರಿಲ್ಲ."